ಪದಚರ್ಚೆ: ಹಾವು, ಹಲ್ಲಿ ತಂದು ತೋರಿಸುವುದಕ್ಕೆ 'ಪ್ರದರ್ಶನ' ಅನ್ನಬಹುದೇ?

ಗೆಳೆಯರೇ, ನಮಸ್ಕಾರ.

ಅಮೆರಿಕದ ಟೂಸಾನ್ ನಗರದ ಹತ್ತಿರ ಇರುವ ಅರಿಜೋನಾ-ಸೊನೋರಾ ಡೆಸರ್ಟ್ ಮ್ಯೂಸಿಯಂ ಬಗ್ಗೆ ಮಕ್ಕಳಿಗಾಗಿ ಒಂದು ಬರಹ ಬರೆಯುತ್ತಿದ್ದೇನೆ. 1952ರಲ್ಲಿ ಶುರುವಾದ ಜಾಗ ಅದು. ಹೆಸರಿಗೆ ಮ್ಯೂಸಿಯಂ, ಆದರೆ ಹೆಚ್ಚಿನ ಭಾಗ ಬಯಲಲ್ಲೇ ಇದೆ. ಪ್ರಾಣಿಗಳೂ ಇವೆ, ಗಿಡಗಳ ತೋಟವೂ ಇದೆ. ಅಲ್ಲಿನ ಮರುಭೂಮಿಯ ಪ್ರಾಣಿಗಳನ್ನು ಬಂದವರ ಎದುರಿಗೇ ತಂದು, ತೋರಿಸಿ, ಅವುಗಳ ಬಗ್ಗೆ ವಿವರಿಸುತ್ತಾರೆ. ಇದಕ್ಕೆ ಕನ್ನಡದಲ್ಲಿ ಏನನ್ನೋಣ?

ತಟ್ಟನೆ ಹೊಳೆಯುವುದು 'ಜೀವಂತ ಪ್ರಾಣಿಗಳ ಪ್ರದರ್ಶನ'. ನನಗೆ ಇದು ಸರಿಹೋಗುತ್ತಿಲ್ಲ. ಪ್ರಾಣ ಇರುವುದಕ್ಕೇ ಪ್ರಾಣಿ ಅನ್ನುವುದು, ಮತ್ತೆ 'ಜೀವಂತ' ಯಾಕೆ? ಹಾಗಂತ ಪೂರ್ತಿ ಬಿಡುವಂತೆಯೂ ಇಲ್ಲ. ಮ್ಯೂಸಿಯಂ ಅಂದ ಕೂಡಲೇ ಗಾಜಿನ ಪೆಟ್ಟಿಗೆಯಲ್ಲಿ ನಿಲ್ಲಿಸಿದ ಸತ್ತ ಪ್ರಾಣಿಗಳೇ ನೆನಪಾಗುತ್ತವೆ. 'ಜೀವಂತ'ದ ಬದಲು 'ನೇರ' ಅಂದರೆ ಟಿವಿಯ ನೇರಪ್ರಸಾರ ಅನ್ನಿಸುತ್ತದೆ.

ನನ್ನ ತಕರಾರು ಜಾಸ್ತಿ ಇರುವುದು 'ಪ್ರದರ್ಶನ'ದ ಮೇಲೆ. ನಾಟಕ ಪ್ರದರ್ಶನ, ಸರ್ಕಸ್ ಪ್ರದರ್ಶನ ಅಂದಾಗ ಯಾರೋ ಏನೋ ಮಾಡಿ ತೋರಿಸುತ್ತಾರೆ ಅಂತ ಅರ್ಥ. ಇಲ್ಲಿ ಪ್ರಾಣಿ ಅಂಥದ್ದೇನೂ ಮಾಡುವುದಿಲ್ಲ. ಹೀಲಾ ಮಾನ್‌ಸ್ಟರ್ ಅನ್ನೇ ತಗೊಳ್ಳಿ. (ಅಕ್ಷರ ನೋಡಿ 'ಗಿಲಾ' ಅಂತ ಬರೆಯುವವರಿದ್ದಾರೆ, ಆದರೆ ಉಚ್ಚಾರ 'ಹೀಲಾ'. ಅಲ್ಲಿನ ನದಿಯೊಂದರ ಹೆಸರು ಅದು.) ಹೆಚ್ಚುಕಮ್ಮಿ ಅರ್ಧ ಮೀಟರ್ ಉದ್ದದ ವಿಷದ ಹಲ್ಲಿ. ಮೈಮೇಲೆ ಮಣಿ ಪೋಣಿಸಿದಂತೆ ಕಪ್ಪು, ಕಿತ್ತಳೆ ಬಣ್ಣದ ಗಂಟುಗಂಟು ಚರ್ಮ. ಕೊಬ್ಬು ಕೂಡಿಟ್ಟುಕೊಂಡ ದಪ್ಪ ಬಾಲ. ಬದುಕಿನ ಬಹುಪಾಲು ನೆಲದೊಳಗೇ ಕಳೆಯುವ ಪ್ರಾಣಿ. ಎದುರಿಗೆ ತಂದಿಟ್ಟರೆ ನಾಲಗೆ ಹೊರಗೆ ಚಾಚಿ ವಾಸನೆ ಹಿಡಿಯುತ್ತದೆ, ನಿಧಾನಕ್ಕೆ ಹೆಜ್ಜೆ ಇಡುತ್ತದೆ, ಅಷ್ಟೇ. ವಿಷದ ಗ್ರಂಥಿ ಇರುವುದು ಕೆಳದವಡೆಯಲ್ಲಿ, ಕಚ್ಚಿದರೆ ಬಾಯಿ ಬಿಡುವುದಿಲ್ಲ ಅನ್ನುವುದನ್ನು ಯಾರಾದರೂ ಹೇಳಬೇಕು. ಆ ವಿಷದಲ್ಲಿ ಸಿಕ್ಕ ಒಂದು ಅಂಶದ ಜಾಡು ಹಿಡಿದೇ ಸಕ್ಕರೆ ಕಾಯಿಲೆಯ ಎಕ್ಸೆನಟೈಡ್ ಔಷಧಿ ಮಾಡಿದರು, 2005ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಇದೂ ಮಾತಿನಿಂದಲೇ ತಿಳಿಯಬೇಕಾದದ್ದು. ಹಲ್ಲಿ ಸುಮ್ನೆ ಇರುತ್ತದೆ, ಕೆಲಸವೆಲ್ಲ ವಿವರಿಸುವವರದ್ದು.

ಮರುಭೂಮಿಯ ಆಮೆಯ ಕಥೆ ಇನ್ನೂ ಸೂಕ್ಷ್ಮ. ಅದು ಮೂತ್ರಕೋಶದಲ್ಲಿ ನೀರು ಉಳಿಸಿಕೊಂಡಿರುತ್ತದೆ. ಕಾಡಿನಲ್ಲಿ ಅದನ್ನು ಎತ್ತಿದರೆ ಹೆದರಿ ಆ ನೀರನ್ನೆಲ್ಲ ಬಿಟ್ಟುಬಿಡಬಹುದು. ಮಳೆಯಿಲ್ಲದ ತಿಂಗಳುಗಳಲ್ಲಿ ಅದರ ಜೀವಕ್ಕೇ ಕುತ್ತು. ಇಂಥ ಪ್ರಾಣಿಯ ಪಕ್ಕದಲ್ಲಿ 'ಪ್ರದರ್ಶನ' ಅಂತ ಬರೆದರೆ ಮಕ್ಕಳ ತಲೆಗೆ ಹೋಗುವುದು ಆಟ, ಮೋಜು. ಅದು ನನಗೆ ಬೇಡ.

ಹಾಗಾಗಿ 'ಪ್ರಾತ್ಯಕ್ಷಿಕೆ' ಕಡೆ ಮನಸ್ಸು ವಾಲಿದೆ. ಯಕ್ಷಗಾನದವರು, ಸಂಗೀತದವರು ನಡುನಡುವೆ ನಿಲ್ಲಿಸಿ, ವಿವರಿಸಿ, ತೋರಿಸುವ ಕಾರ್ಯಕ್ರಮಕ್ಕೆ ಈ ಪದ ಚೆನ್ನಾಗಿ ನೆಲೆನಿಂತಿದೆ. ಒಳಗೇ 'ಪ್ರತ್ಯಕ್ಷ' ಇರುವುದರಿಂದ 'ಜೀವಂತ'ದ ಗೋಜೂ ತಪ್ಪುತ್ತದೆ. ತೊಂದರೆ ಅಂದರೆ ಹತ್ತು ವರ್ಷದ ಮಗುವಿನ ನಾಲಗೆಗೆ ಇದು ಭಾರ. 'ಪ್ರಾಣಿ ಪರಿಚಯ' ಹಗುರ, ಆದರೆ ಪುಸ್ತಕದ ಪಾಠಕ್ಕೂ ಅದೇ ಹೆಸರು ಇಡಬಹುದಲ್ವಾ? 'ಎದುರಾಎದುರು ಪ್ರಾಣಿ ಪರಿಚಯ' ಅಂದರೆ ಹೇಗೆ?

'ಪ್ರದರ್ಶನ' ಒಪ್ಪಬಹುದು ಅನ್ನಿಸುವುದು ಒಂದೇ ಕಡೆ. ಬಿಸಿಲು ಕಡಿಮೆಯಾದ ತಿಂಗಳುಗಳಲ್ಲಿ ಅಲ್ಲಿ ಹ್ಯಾರಿಸ್ ಗಿಡುಗಗಳನ್ನು ಕಟ್ಟಿಹಾಕದೆ ಹಾರಿಬಿಡುತ್ತಾರೆ, ನಿಂತವರ ತಲೆಯ ಮೇಲಿಂದಲೇ ಹಾದುಹೋಗುತ್ತವೆ. ಗುಂಪು ಕಟ್ಟಿಕೊಂಡು ಬೇಟೆಯಾಡುವ ಗಿಡುಗ ಅದು, ಬೇಟೆ ಹಕ್ಕಿಗಳಲ್ಲಿ ಇದು ಅಪರೂಪ. ಅಲ್ಲೂ 'ಗಿಡುಗಗಳ ಹಾರಾಟ' ಅಂದರೆ ಸಾಕು ಅನ್ನುವುದು ನನ್ನ ಅಭಿಪ್ರಾಯ.

ಜೊತೆಗೆ ಇನ್ನೊಂದು. ಬಾಲ ಅಲ್ಲಾಡಿಸಿ ಸದ್ದು ಮಾಡುವ ರ್‍ಯಾಟಲ್ ಹಾವಿಗೆ 'ಬುಡುಬುಡಿಕೆ ಹಾವು', 'ಗಿಲಕಿ ಹಾವು' ಎರಡೂ ಕೇಳಿದ್ದೇನೆ. (ಗಿಲಕಿ ಅಂದರೆ ಅಲ್ಲಾಡಿಸಿದರೆ ಸದ್ದು ಮಾಡುವ ಮಕ್ಕಳ ಆಟಿಕೆ.) ನಮ್ಮ ಉಗುರಿನಲ್ಲಿರುವಂಥದ್ದೇ ವಸ್ತುವಿನ ಬಳೆಗಳು ಬಾಲದ ತುದಿಯಲ್ಲಿ ಒಂದಕ್ಕೊಂದು ಸಿಕ್ಕಿಕೊಂಡಿರುತ್ತವೆ, ಪೊರೆ ಬಿಟ್ಟಾಗಲೆಲ್ಲ ಒಂದು ಹೊಸದು ಸೇರುತ್ತದೆ. ಸದ್ದು ಬುಡುಬುಡಿಕೆಯ ಹಾಗೆ ಬಿಡಿಬಿಡಿಯಾಗಿ ಕೇಳುವುದಿಲ್ಲ, ಒಂದೇ ಸಮನೆ ಝರ್ರ್ ಅನ್ನುತ್ತದೆ. ಅದಕ್ಕೇ 'ಗಿಲಕಿ' ಹತ್ತಿರ ಅನ್ನಿಸಿತು. ಈ ಪದ ಎಲ್ಲ ಕಡೆಯ ಮಕ್ಕಳಿಗೂ ಗೊತ್ತಾಗುತ್ತದಾ?

'ಮರಳುಗಾಡು' ಅಂತ ಬೇಕೆಂದೇ ಬರೆದಿಲ್ಲ. ಸೊನೋರಾ ಅನ್ನುವ ಈ ಮರುಭೂಮಿಯಲ್ಲಿ ಚಳಿಗಾಲಕ್ಕೊಂದು, ಬೇಸಿಗೆಗೊಂದು ಮಳೆ ಬರುತ್ತದೆ, ಆಳೆತ್ತರಕ್ಕಿಂತ ಎಷ್ಟೋ ಎತ್ತರದ ಸಾವಾರೋ ಕಳ್ಳಿಗಳಿವೆ. ಬರೀ ಮರಳಿನ ನಾಡಲ್ಲ ಅದು.

ಮ್ಯೂಸಿಯಂ, ಮೃಗಾಲಯಗಳಲ್ಲಿ ಕೆಲಸ ಮಾಡುವವರು ಈ ಗುಂಪಿನಲ್ಲಿದ್ದರೆ ನೀವು ದಿನಾ ಬಾಯಲ್ಲಿ ಏನನ್ನುತ್ತೀರಿ ಅಂತ ದಯವಿಟ್ಟು ತಿಳಿಸಿ. ಫಲಕದ ಮೇಲೆ ಬರೆಸಿದ ಪದಕ್ಕಿಂತ ಅದು ನನಗೆ ಹೆಚ್ಚು ಬೇಕು.