ಕಾಗಕ್ಕನಿಗೆ ಬರೆ ಹಾಕುವ ಮುಕ್ತಾಯವನ್ನು ಚಿಕ್ಕ ಮಕ್ಕಳಿಗೆ ಹೇಳಬಹುದೇ?

ಅಂಗನವಾಡಿ ಕಾರ್ಯಕರ್ತೆ, ಚಿಂತಾಮಣಿ:
ನಮ್ಮ ಕೇಂದ್ರಕ್ಕೆ ಬರುವ 3ರಿಂದ 6 ವರ್ಷದ ಮಕ್ಕಳಿಗೆ ಕಾಗಕ್ಕ ಗುಬ್ಬಕ್ಕನ ಕಥೆಯೆಂದರೆ ಬಹಳ ಇಷ್ಟ. ಸಗಣಿಯ ಮನೆ ಮಳೆಗೆ ಕೊಚ್ಚಿಹೋಗಿ ಕಾಗಕ್ಕ ಬಂದು ಬಾಗಿಲು ತಟ್ಟುವುದು, ಗುಬ್ಬಕ್ಕ ಒಳಗಿನಿಂದಲೇ ‘ತಾಳು, ಮಗುವಿಗೆ ನೀರು ಹಾಕುತ್ತಿದ್ದೇನೆ’ ಎನ್ನುವುದು ಅವರಿಗೆ ಬಾಯಿಪಾಠವಾಗಿದೆ. ಆದರೆ ನಮ್ಮ ಕಡೆಯ ಹಿರಿಯರು ಹೇಳುವಂತೆ, ಕಡಲೆಯನ್ನೆಲ್ಲ ಕದ್ದು ತಿಂದ ಕಾಗಕ್ಕನಿಗೆ ಕೊನೆಯಲ್ಲಿ ಕಾದ ಸೌಟಿನಿಂದ ಬರೆ ಬೀಳುತ್ತದೆ. ಇದನ್ನು ಬಿಟ್ಟು, ಇಬ್ಬರೂ ಗೆಳತಿಯರಾದರೆಂದು ಮುಗಿಸಬಹುದೇ? ಮನೆಮಾತು ತೆಲುಗಾಗಿರುವ ಮಕ್ಕಳೂ ಇದ್ದಾರೆ.

ನಿವೃತ್ತ ಶಿಕ್ಷಕ, ಶಿರಾ:
ಬದಲಿಸಲು ಅಳುಕು ಬೇಡ ತಾಯಿ. 11ನೆಯ ಶತಮಾನದಲ್ಲಿ ವಸುಭಾಗನ ಪಂಚತಂತ್ರವನ್ನು ಕನ್ನಡಕ್ಕೆ ತಂದ ದುರ್ಗಸಿಂಹನೂ ಹೊಸ ಕಥೆಗಳನ್ನು ಸೇರಿಸಿಕೊಂಡವನೇ. ಆದರೆ ಬರೆಯ ಜಾಗದಲ್ಲಿ ಗೆಳೆತನವನ್ನು ಅಂಟಿಸಿದರೆ ಕದ್ದದ್ದಕ್ಕೆ ಫಲವೇ ಇಲ್ಲದಂತಾಗಿ ಕಥೆ ಸಪ್ಪೆಯಾಗುತ್ತದೆ. ಗುಬ್ಬಕ್ಕ ಬೈದು ಹೊರಗಟ್ಟಲಿ, ಮಳೆ ನಿಂತ ಮೇಲೆ ಕಾಗಕ್ಕ ತನ್ನ ಮನೆಯನ್ನು ತಾನೇ ಕಟ್ಟಿಕೊಳ್ಳಲಿ. ನನ್ನನ್ನು ಕೇಳಿದರೆ, ನೆನೆಯುತ್ತಿರುವವಳನ್ನು ಅಷ್ಟು ಹೊತ್ತು ಬಾಗಿಲಲ್ಲಿ ನಿಲ್ಲಿಸಿದ್ದೇ ಬರೆಗಿಂತ ಕಠೋರ. ಮಕ್ಕಳು ಅದನ್ನು ಪ್ರಶ್ನಿಸಿದರೆ ಗುಬ್ಬಕ್ಕನ ಪರ ವಕಾಲತ್ತು ವಹಿಸಬೇಡಿ, ಅವರೇ ತೀರ್ಮಾನಿಸಲಿ. ಬಾಗಿಲು ತಟ್ಟುವ ಮಾತುಗಳನ್ನು ಮಾತ್ರ ಕಡಿಮೆ ಮಾಡಬೇಡಿ, ಕಥೆಯ ಜೀವ ಅಲ್ಲಿಯೇ ಇದೆ.

ಪೋಷಕಿ, ಮಾಲೂರು:
ತೆಲುಗಿನ ಮಕ್ಕಳಿಗೆ ಆರಂಭದಲ್ಲಿ ಒಮ್ಮೆ ಕಾಕಿ, ಪಿಚ್ಚುಕ ಎಂದು ಹೇಳಿ, ಅವರು ದನಿಗೂಡಿಸುವ ಸಾಲುಗಳನ್ನು ಕನ್ನಡದಲ್ಲಿಯೇ ಇಟ್ಟರೆ ಸಾಕು. ಇನ್ನೊಂದು ಮಾತು: ಊರಿನ ಅನುಭವವನ್ನೂ ನೋಡಿಕೊಳ್ಳಬೇಕು. ಕೆರೆಯ ನೀರಿನಲ್ಲಿ ನಡುಗುವ ಚಂದ್ರನನ್ನು ತೋರಿಸಿ ಮೊಲವು ಆನೆಯನ್ನು ಹಿಂದಕ್ಕೆ ಕಳುಹಿಸುವ ಪಂಚತಂತ್ರದ ಕಥೆಯನ್ನು ಬೇರೆಡೆ ನಗುತ್ತಾ ಹೇಳಬಹುದು. ತಮಿಳುನಾಡಿನ ಕಡೆಯಿಂದ ಆನೆಯ ಹಿಂಡು ಬಂದು ಬೆಳೆ ತುಳಿಯುವ ನಮ್ಮ ಗಡಿಯ ಹಳ್ಳಿಗಳಲ್ಲಿ, ಆನೆಯನ್ನು ಸುಲಭವಾಗಿ ಹೆದರಿಸಬಹುದೆಂಬ ಭಾವನೆ ಮಗುವಿಗೆ ಬರಬಾರದು. ಆದ್ದರಿಂದ ಕಾಲಿಗೆ ಸಿಕ್ಕಿ ಜಜ್ಜಿಹೋದ ಮೊಲಗಳ ಸಂಕಟವನ್ನು ನಾನು ಸ್ವಲ್ಪ ಹೆಚ್ಚಾಗಿಯೇ ಹೇಳುತ್ತೇನೆ.

ಓದುಗ, ಗುಬ್ಬಿ:
ಶಿರಾದವರ ಮಾತಿಗೆ ನನ್ನ ಸಹಮತವಿದೆ. ಸಾವು ನೋವುಗಳೆಲ್ಲವನ್ನೂ ತೆಗೆಯಬೇಕೆಂದಲ್ಲ. ಗೋವಿನ ಹಾಡಿನ ಕೊನೆಯಲ್ಲಿ ಹುಲಿ ಪ್ರಾಣ ಬಿಡುವುದನ್ನು ರಾಗವಾಗಿ ಹಾಡಿದಾಗ ಮಕ್ಕಳು ಸುಮ್ಮನೆ ಕೇಳುತ್ತಾರೆ. ಬರೆಯ ವಿಚಾರ ಬೇರೆ. ‘ಬರೆ ಹಾಕುತ್ತೇನೆ’ ಎಂಬುದು ಕೆಲವು ಮನೆಗಳಲ್ಲಿ ಮಕ್ಕಳನ್ನು ಹೆದರಿಸುವ ಮಾತಾಗಿಯೇ ಉಳಿದಿರುವುದರಿಂದ, ಅಂಥ ಮಗುವಿಗೆ ಅದು ಕಾಗೆಯ ಕಥೆಯಾಗಿ ಕೇಳಿಸುವುದಿಲ್ಲ. ಏಳೆಂಟು ವರ್ಷ ದಾಟಿದವರಿಗೆ ಹಿರಿಯರ ಮುಕ್ತಾಯವನ್ನೂ ಹೇಳಿ, ಯಾವುದು ಸರಿಯೆಂದು ಕೇಳಬಹುದು.