ಶಾಲೆ ಮಕ್ಕಳನ್ನು ತಾರಾಲಯಕ್ಕೆ ಕರ್ಕೊಂಡು ಹೋಗುದಾದ್ರೆ 3ಡಿ ಶೋ ಒಳ್ಳೇದಾ, ಆಕಾಶ ತೋರಿಸುವ ಶೋ ಒಳ್ಳೇದಾ?

ಹೆಬ್ರಿ_ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಹೆಬ್ರಿ ಕಡೆಯ ಒಂದು ಸರ್ಕಾರಿ ಹೈಸ್ಕೂಲಲ್ಲಿ ಸೈನ್ಸ್ ಟೀಚರ್. ಈ ವರ್ಷ ಎಂಟನೇ ಕ್ಲಾಸಿನ ಮಕ್ಕಳನ್ನು ತಾರಾಲಯಕ್ಕೆ ಕರ್ಕೊಂಡು ಹೋಗ್ಲಿಕ್ಕೆ ಎಸ್‌ಡಿಎಂಸಿಯವರು ಒಪ್ಪಿದ್ದಾರೆ, ಬಸ್ಸಿನ ಖರ್ಚು ಊರಿನವರೇ ಒಬ್ರು ಕೊಡ್ತೇನೆ ಅಂದಿದ್ದಾರೆ. ಅಂದ್ರೆ ಒಂದೇ ಸಲ ಹೋಗ್ಲಿಕ್ಕೆ ಆಗುದು, ಇನ್ನೊಂದು ಸಲ ಕೇಳುವ ಹಾಗಿಲ್ಲ, ಹಾಗಾಗಿ ಸರಿಯಾಗಿ ಯೋಚನೆ ಮಾಡಿ ಹೋಗ್ಬೇಕು ಅಂತ ಇಲ್ಲಿ ಕೇಳ್ತಾ ಇದ್ದೇನೆ.

ನಮಗೆ ಎರಡು ದಾರಿ ಉಂಟು. ಒಂದು ಮಂಗಳೂರಿನ ಹತ್ರ ಪಿಲಿಕುಳದಲ್ಲಿರುವ ಸ್ವಾಮಿ ವಿವೇಕಾನಂದ ತಾರಾಲಯ. ಇನ್ನೊಂದು ಮಣಿಪಾಲದ ಟಿ.ಎಂ.ಎ. ಪೈ ತಾರಾಲಯ, ಅದು ಯೂನಿವರ್ಸಿಟಿದ್ದು, ನಮಗೆ ಹತ್ತಿರ ಕೂಡ. ನನ್ನ ಚಿಂತೆ ಎಂತ ಅಂದ್ರೆ ನಮ್ಮ ಮಕ್ಕಳು ಕನ್ನಡ ಮೀಡಿಯಂ, ಇಂಗ್ಲಿಷಲ್ಲಿ ಪಟಪಟ ಹೇಳ್ತಾ ಹೋದ್ರೆ ಬಾಯಿ ಬಿಟ್ಟು ಮೇಲೆ ನೋಡಿ ಬರ್ತಾರೆ ಅಷ್ಟೆ. ಮತ್ತೆ ಒಳಗೆ ಬರೀ ಸಿನಿಮಾ ತೋರಿಸಿ ಕಳಿಸಿದ್ರೆ ಪಾಠಕ್ಕೆ ಏನು ಸಿಕ್ಕಿದ ಹಾಗಾಯ್ತು? ಸೌರಮಂಡಲದ ವಿಡಿಯೋ ಮೊಬೈಲಲ್ಲೂ ನೋಡ್ತಾರೆ ಈಗ. ಅನುಭವ ಇದ್ದವರು ದಯವಿಟ್ಟು ಹೇಳಿ. ಯಾವ ತಿಂಗಳು ಒಳ್ಳೇದು, ಹೋಗುವ ಮೊದಲು ಮಕ್ಕಳಿಗೆ ಎಂತ ಹೇಳಿಕೊಡ್ಬೇಕು, ಅದು ಸಹ ಬೇಕು.

ವಾಮಂಜೂರಿನವ

ಟೀಚರೇ, ಪಿಲಿಕುಳಕ್ಕೆ ಬರುದಾದ್ರೆ ಕಾರ್ಕಳ ಮೂಡುಬಿದ್ರೆ ಮೇಲೆ ಬಂದು ಗುರುಪುರ ದಾಟಿ ವಾಮಂಜೂರಲ್ಲಿ ತಿರುಗುದು, ದೊಡ್ಡ ಬಸ್ಸು ಆರಾಮಲ್ಲಿ ಬರ್ತದೆ. ಸೋಮವಾರ ರಜೆ, ಅದು ನೆನಪಿರ್ಲಿ. ಕನ್ನಡ ಶೋ, ಇಂಗ್ಲಿಷ್ ಶೋ ಬೇರೆ ಬೇರೆ ಟೈಮಿಗೆ ಇರ್ತದೆ, ಹಾಗಾಗಿ ಮೊದಲೇ ಫೋನ್ ಮಾಡಿ ಶಾಲೆಯ ಲೆಟರ್ ಕೊಟ್ಟು ಕನ್ನಡ ಶೋಗೇ ಸೀಟ್ ಹಿಡ್ಕೊಳ್ಳಿ, ಅಲ್ಲಿಗೆ ಬಂದು ಕೌಂಟರಲ್ಲಿ ಕೇಳುವ ಅಂತ ಮಾಡ್ಬೇಡಿ.

ಒಂದು ಮಾತು ಕೇಳಿ. ಹೆಚ್ಚಿನ ಶಾಲೆಯವರು ಬೆಳಿಗ್ಗೆ ಬಂದವರು ಮೊದಲು ಝೂ ನೋಡಿ, ಗುತ್ತಿನ ಮನೆ (ತುಳುನಾಡಿನ ಹಳೇ ಕಾಲದ ದೊಡ್ಡ ಮನೆ) ನೋಡಿ, ಊಟ ಮಾಡಿ ಕೊನೆಗೆ ತಾರಾಲಯಕ್ಕೆ ನುಗ್ಗುದು. ಮಕ್ಕಳು ಬಿಸಿಲಲ್ಲಿ ನಡೆದು ನಡೆದು ಸುಸ್ತಾಗಿರ್ತಾರೆ, ಒಳಗೆ ಎಸಿ, ಕತ್ತಲೆ, ಹಿಂದೆ ಒರಗುವ ಸೀಟು, ಹತ್ತು ನಿಮಿಷದಲ್ಲಿ ಅರ್ಧ ಕ್ಲಾಸ್ ನಿದ್ದೆ. ತಾರಾಲಯ ಮೊದಲು ಮಾಡಿ, ಅದರ ನಂತರ ಸೈನ್ಸ್ ಸೆಂಟರ್, ಟೈಮ್ ಉಳಿದ್ರೆ ಮಾತ್ರ ಝೂ.

ಗುಮ್ಮಟದೊಳಗೆ

ಎಂಎಸ್ಸಿ ಮಾಡುವಾಗ ಹೊರಗಿನ ಒಂದು ಯೂನಿವರ್ಸಿಟಿಯ ಸಣ್ಣ ತಾರಾಲಯದಲ್ಲಿ ಪಬ್ಲಿಕ್ ಶೋ ನಡೆಸುವವರ ಜೊತೆ ಕೆಲಸ ಮಾಡಿದ್ದೇನೆ, ಈಗ ಮಂಗಳೂರಲ್ಲೇ ಇದ್ದೇನೆ, ಹಾಗಾಗಿ ಸ್ವಲ್ಪ ಉದ್ದಕ್ಕೆ ಬರೀತೇನೆ.

ತಾರಾಲಯದ ಶೋದಲ್ಲಿ ಎರಡು ಜಾತಿ ಉಂಟು. ಒಂದು ರೆಕಾರ್ಡ್ ಮಾಡಿದ ಫಿಲ್ಮು, ಗುಮ್ಮಟ ತುಂಬ ಬರ್ತದೆ, ಮ್ಯೂಸಿಕ್ ಎಲ್ಲ ಜೋರು, ಕಪ್ಪುರಂಧ್ರದೊಳಗೆ ಹೋಗಿ ಬರ್ತೀರಿ. ಇನ್ನೊಂದು ಲೈವ್, ಅಂದ್ರೆ ಒಬ್ಬ ಮನುಷ್ಯ ಕನ್ಸೋಲ್ ಹತ್ರ ಕೂತು ಕೈಯಲ್ಲಿ ಪಾಯಿಂಟರ್ ಹಿಡಿದು ಇವತ್ತು ರಾತ್ರಿ ನಿಮ್ಮ ಊರಿನ ಮೇಲೆ ಇರುವ ಆಕಾಶವನ್ನೇ ತೋರಿಸಿ ಮಾತಾಡುದು. ನನ್ನ ಅಭಿಪ್ರಾಯ ಕೇಳಿದ್ರೆ ಎರಡನೆಯದು ಇಲ್ಲದ ತಾರಾಲಯಕ್ಕೆ ಅಷ್ಟು ದೂರದಿಂದ ಮಕ್ಕಳನ್ನು ತರುದು ಬೇಡ. ಯಂತ್ರ ಹುಟ್ಟಿದ್ದೇ ಅದಕ್ಕೆ. 1923ರಲ್ಲಿ ಜರ್ಮನಿಯ ಝೈಸ್ ಕಂಪನಿಯವರು ಮ್ಯೂನಿಕ್ ಮ್ಯೂಸಿಯಂಗೆ ಮೊದಲ ಪ್ರೊಜೆಕ್ಟರ್ ಮಾಡಿ ಕೊಟ್ಟದ್ದು ಫಿಲ್ಮ್ ಬಿಡ್ಲಿಕ್ಕೆ ಅಲ್ಲ, ಹಗಲಲ್ಲೂ ಜನರಿಗೆ ರಾತ್ರಿಯ ಆಕಾಶ ತೋರಿಸ್ಲಿಕ್ಕೆ.

ಲೈವ್ ಶೋದಲ್ಲಿ ಎಂತ ಆಗ್ತದೆ ಅಂದ್ರೆ, ಮೊದಲು ಸಂಜೆ ಆರೂವರೆಯ ಆಕಾಶ, ಪಡುವಣದಲ್ಲಿ ಸೂರ್ಯ ಮುಳುಗ್ತಾನೆ, ಕೆಂಪು ಕರಗ್ತದೆ, ಸಿಟಿ ಲೈಟಿನ ಮಬ್ಬಲ್ಲಿ ಹತ್ತಿಪ್ಪತ್ತು ನಕ್ಷತ್ರ ಮಾತ್ರ ಕಾಣ್ತದೆ. ಆಮೇಲೆ ಅವರು ಲೈಟು ಮಾಲಿನ್ಯ ಅಂತ ಇರುವ ಒಂದು ಕಂಟ್ರೋಲನ್ನು ನಿಧಾನ ಕೆಳಗೆ ಎಳೀತಾರೆ. ಒಟ್ಟಿಗೇ ಸಾವಿರಾರು ನಕ್ಷತ್ರ, ನಡುವಲ್ಲಿ ಹಾಲುಹಾದಿ. ಆ ಹೊತ್ತಿಗೆ ಮಕ್ಕಳ ಬಾಯಿಂದ ಬರುವ ಸ್ವರ ಉಂಟಲ್ಲ, ದೊಡ್ಡವರೂ ಸೇರಿಯೇ, ಅದನ್ನು ಯಾವ ಫಿಲ್ಮಲ್ಲೂ ನಾನು ಕೇಳಿದ್ದಿಲ್ಲ.

ಅಲ್ಲಿ ನೀವು ಕೇಳ್ಬೇಕಾದ ಒಂದು ವಿಷಯ ಹೇಳ್ತೇನೆ. ಧ್ರುವ ನಕ್ಷತ್ರ ತೋರಿಸ್ಲಿಕ್ಕೆ ಹೇಳಿ. ನಮ್ಮ ಕರಾವಳಿಯಲ್ಲಿ ಅದು ಉತ್ತರ ದಿಗಂತದಿಂದ ಬರೀ 13 ಡಿಗ್ರಿ ಮೇಲೆ ಇರುದು, ಯಾಕಂದ್ರೆ ನಮ್ಮ ಅಕ್ಷಾಂಶವೇ 13ರ ಹತ್ರ. ಆಮೇಲೆ ಗುಮ್ಮಟವನ್ನು ಡೆಲ್ಲಿಗೆ ಕೊಂಡೋಗಿ ಅನ್ನಿ, ಧ್ರುವ 28ಕ್ಕೆ ಏರ್ತದೆ, ಉತ್ತರ ಧ್ರುವಕ್ಕೆ ಹೋದ್ರೆ ನೆತ್ತಿ ಮೇಲೆ ನಿಲ್ತದೆ, ಯಾವ ನಕ್ಷತ್ರವೂ ಮುಳುಗುದಿಲ್ಲ, ಎಲ್ಲ ಸುತ್ತು ಹೊಡೀತದೆ. ಭೂಮಿ ಗುಂಡಗೆ ಉಂಟು ಅಂತ ಪುಸ್ತಕದಲ್ಲಿ ಓದಿದ ಮಗುವಿಗೆ ಅಲ್ಲಿ ಅದು ಕಣ್ಣೆದುರು ಆಗ್ತದೆ. ಇದನ್ನು ಆಪರೇಟರ್ ಎರಡು ನಿಮಿಷದಲ್ಲಿ ಮಾಡಿ ತೋರಿಸಬಹುದು, ಆದ್ರೆ ಕೇಳಿದ್ರೆ ಮಾತ್ರ ಮಾಡ್ತಾರೆ.

ಪಿಲಿಕುಳದ್ದು 2018ರಲ್ಲಿ ಶುರುವಾದದ್ದು, 18 ಮೀಟರ್ ಗುಮ್ಮಟ, ದೇಶದಲ್ಲೇ ಮೊದಲ 3ಡಿ ತಾರಾಲಯ ಅದು. ಅಲ್ಲಿ ಹಳೇ ಪದ್ಧತಿಯ ನಕ್ಷತ್ರದ ಪ್ರೊಜೆಕ್ಟರೂ ಉಂಟು, ಡಿಜಿಟಲೂ ಉಂಟು, ಹಾಗಾಗಿ ನಕ್ಷತ್ರ ಚುಕ್ಕಿಯ ಹಾಗೆ ಚೂಪಾಗಿ ಕಾಣ್ತದೆ. ಗುಮ್ಮಟ ಎದುರಿಗೆ ಸ್ವಲ್ಪ ವಾಲಿದೆ, ಎಲ್ಲ ಸೀಟೂ ಒಂದೇ ದಿಕ್ಕಿಗೆ. ಮಕ್ಕಳನ್ನು ಎದುರಿನ ಸಾಲಲ್ಲಿ ಕೂರಿಸ್ಬೇಡಿ, ಕುತ್ತಿಗೆ ನೋವು ಬರ್ತದೆ, ನಡುವಿಂದ ಹಿಂದೆ ಒಳ್ಳೇದು.

ಕಡಲಕರೆ

ಮೇಲಿನವರು ಹೇಳಿದ್ದರಲ್ಲಿ ಒಂದಕ್ಕೆ ನನ್ನ ಒಪ್ಪಿಗೆ ಇಲ್ಲ. ಫಿಲ್ಮ್ ಶೋ ಅಂದ್ರೆ ಅಷ್ಟು ಕಡೆಗಣಿಸ್ಬೇಡಿ ಸರ್. ನಮ್ಮ ಮನೆಯಲ್ಲಿ ಏಳನೇ ಕ್ಲಾಸಿನ ಮಗ ಪುಸ್ತಕ ಅಂದ್ರೆ ಓಡುವವ, 3ಡಿ ಶೋ ನೋಡಿ ಬಂದ ಮೇಲೆ ಶನಿಯ ಬಳೆ ಎಂತದ್ದರಿಂದ ಆಗಿದೆ ಅಂತ ನನ್ನತ್ರ ಕೇಳಿದ, ನನಗೆ ಗೊತ್ತಿಲ್ಲ, ಇಬ್ರೂ ಕೂತು ಹುಡುಕಿದೆವು, ಹೆಚ್ಚಿನದ್ದು ನೀರಿನ ಮಂಜುಗಡ್ಡೆಯ ತುಂಡುಗಳಂತೆ. ಆ ಪ್ರಶ್ನೆ ಬರ್ಬೇಕಾದ್ರೆ ಅವನಿಗೆ ಆ ತುಂಡುಗಳು ಮೂಗಿನ ಹತ್ರ ಹಾರಿ ಹೋದ ಹಾಗೆ ಕಾಣ್ಬೇಕಿತ್ತು. ಹಳ್ಳಿಯ ಮಕ್ಕಳಿಗೆ ಒಂದು ಸಲ ಆ ಬೆರಗು ಸಿಗ್ಲಿ ಅಂತ ನಾನು ಹೇಳುದು. ಲೈವ್ ಶೋದಲ್ಲಿ ಮಾತಾಡುವವರು ಚೆನ್ನಾಗಿ ಮಾತಾಡದಿದ್ರೆ ಅದೂ ಒಂದು ಪಾಠವೇ ಆಗಿಬಿಡ್ತದೆ.

ತಲೆ ತಿರುಗುವ ಮಕ್ಕಳಿದ್ರೆ ಮೊದಲೇ ಹೇಳಿಡಿ, ಪರದೆ ಕಣ್ಣು ತುಂಬ ಇರುದರಿಂದ ನಾವೇ ಹಾರ್ತಾ ಇದ್ದ ಹಾಗೆ ಅನಿಸ್ತದೆ, ಮೈ ಮಾತ್ರ ಸೀಟಲ್ಲಿ. ಅಂಥ ಹೊತ್ತಲ್ಲಿ ಕಣ್ಣು ಮುಚ್ಚಿ ಕೂತ್ರೆ ಸಾಕು, ಅರ್ಧ ನಿಮಿಷದಲ್ಲಿ ಸರಿ ಆಗ್ತದೆ.

ಗುಮ್ಮಟದೊಳಗೆ

ಒಪ್ಪಿದೆ. ಬೆರಗು ಬೇಡ ಅಂತ ನಾನು ಹೇಳುದಲ್ಲ. ಆದ್ರೆ ಒಂದೇ ಸಲದ ಅವಕಾಶ ಅಂತ ಟೀಚರ್ ಹೇಳಿದ್ದಾರಲ್ಲ, ಅದಕ್ಕೆ ಹೇಳಿದ್ದು. ಶನಿಯನ್ನು ನಾಳೆ ಮನೆ ಅಂಗಳದಲ್ಲಿ ಹಾಗೆ ನೋಡ್ಲಿಕ್ಕೆ ಆಗುದಿಲ್ಲ, ಕೃತ್ತಿಕೆ ನಕ್ಷತ್ರಗಳ ಗೊಂಚಲನ್ನು ಆಗ್ತದೆ. ತಾರಾಲಯದಲ್ಲಿ ಕಲ್ತದ್ದನ್ನು ಮಗು ಅದೇ ರಾತ್ರಿ ಮನೆಯಲ್ಲಿ ಅಪ್ಪ ಅಮ್ಮನಿಗೆ ಬೆರಳು ತೋರಿಸಿ ಹೇಳಿದ್ರೆ ಆ ಟ್ರಿಪ್ಪಿನ ದುಡ್ಡು ಸಾರ್ಥಕ. ಎರಡೂ ಸಿಗುವ ಹಾಗಿದ್ರೆ, ಅಂದ್ರೆ ಫಿಲ್ಮಿನ ಮೊದಲೋ ನಂತರವೋ ಹದಿನೈದು ನಿಮಿಷ ಇವತ್ತಿನ ಆಕಾಶ ಕನ್ನಡದಲ್ಲಿ ತೋರಿಸ್ತೀರಾ ಅಂತ ಬುಕಿಂಗ್ ಮಾಡುವಾಗಲೇ ಕೇಳಿ. ಮಣಿಪಾಲಕ್ಕೂ ಅದೇ ಪ್ರಶ್ನೆ ಹಾಕಿ ನೋಡಿ. ಆ ಕಟ್ಟಡದಲ್ಲೇ ಮಾಹೆಯ, ಅಂದ್ರೆ ಮಣಿಪಾಲ ಯೂನಿವರ್ಸಿಟಿಯ, ನ್ಯಾಚುರಲ್ ಸೈನ್ಸಸ್ ಸೆಂಟರ್ ಉಂಟು, ಖಗೋಳ ಓದುವವರು ಅಲ್ಲೇ ಇರ್ತಾರೆ, ಶೋ ನಂತರ ಮಕ್ಕಳ ಪ್ರಶ್ನೆಗೆ ಉತ್ತರ ಹೇಳ್ಲಿಕ್ಕೆ ಒಬ್ಬ ರಿಸರ್ಚ್ ವಿದ್ಯಾರ್ಥಿ ಬಂದು ನಿಂತ್ರೂ ದೊಡ್ಡದು. ಯೂನಿವರ್ಸಿಟಿ ತಾರಾಲಯದಿಂದ ಊರಿನವರಿಗೆ ಆಗುವ ದೊಡ್ಡ ಉಪಕಾರ ಅದೇ ಅಂತ ನನಗೆ ಅನಿಸುದು.

ತೋಟದ_ಮನೆ_ಕಾರ್ಕಳ

ನಾನು ಕೃಷಿಕ, ಇಂಥದ್ದು ಓದಿದವನಲ್ಲ, ಮೊಮ್ಮಗಳು ಈ ಚರ್ಚೆ ತೋರಿಸಿದಳು. ನನ್ನದೊಂದು ಸಂಶಯ ಉಂಟು, ಬಹಳ ಕಾಲದ್ದು. ನಾವು ರೋಹಿಣಿ ಮಳೆ, ಮೃಗಶಿರ ಮಳೆ, ಆರ್ದ್ರಾ ಮಳೆ ಅಂತ ಲೆಕ್ಕ ಹಿಡಿದೇ ಬೇಸಾಯ ಮಾಡಿಕೊಂಡು ಬಂದವರು. ಆದ್ರೆ ಆರ್ದ್ರಾ ಮಳೆ ಹೊತ್ತಿಗೆ ಮೋಡ ಬಿಟ್ಟ ರಾತ್ರಿ ನೋಡಿದ್ರೂ ಆ ನಕ್ಷತ್ರ ಕಾಣುದೇ ಇಲ್ಲ, ಚಳಿಗಾಲದಲ್ಲಿ ಕಾಣ್ತದೆ ಅಂತ ಹೇಳ್ತಾರೆ. ಹಾಗಾದ್ರೆ ಮಳೆಗೆ ಆ ಹೆಸರು ಯಾಕೆ?

ಗುಮ್ಮಟದೊಳಗೆ

ಬಹಳ ಒಳ್ಳೇ ಪ್ರಶ್ನೆ ಅಜ್ಜ. ಆರ್ದ್ರಾ ಮಳೆ ಅಂದ್ರೆ ಸೂರ್ಯ ಆರ್ದ್ರಾ ನಕ್ಷತ್ರದ ಭಾಗದಲ್ಲಿ ಇರುವ ದಿನಗಳು, ಜೂನ್ 22ರ ಹತ್ರ ಶುರು ಆಗಿ ಎರಡು ವಾರ. ಸೂರ್ಯ ಅಲ್ಲೇ ಇರುವಾಗ ಆ ನಕ್ಷತ್ರ ಅವನ ಜೊತೆಗೇ ಹುಟ್ಟಿ ಅವನ ಜೊತೆಗೇ ಮುಳುಗ್ತದೆ, ಹಗಲ ಬೆಳಕಲ್ಲಿ ಕಾಣುದು ಹೇಗೆ? ಆರು ತಿಂಗಳು ಕಳೆದು ಡಿಸೆಂಬರಲ್ಲಿ ಸೂರ್ಯ ಆಚೆ ಬದಿಗೆ ಹೋದಾಗ ಆರ್ದ್ರಾ ಸಂಜೆ ಮೂಡಣದಲ್ಲಿ ಏರ್ತದೆ, ಕೆಂಪಗೆ, ಮಹಾವ್ಯಾಧ (ಇಂಗ್ಲಿಷಲ್ಲಿ ಓರಿಯನ್) ಅನ್ನುವ ನಕ್ಷತ್ರಪುಂಜದ ಹೆಗಲಲ್ಲಿ. ನಿಮ್ಮ ಹಿರಿಯರು ಕಾಣದ ನಕ್ಷತ್ರದ ಜಾಗವನ್ನೂ ಲೆಕ್ಕದಲ್ಲಿ ಇಟ್ಟುಕೊಂಡಿದ್ರು, ಅದು ಸಣ್ಣ ಸಂಗತಿ ಅಲ್ಲ.

ಟೀಚರೇ, ಇದನ್ನೇ ತಾರಾಲಯದಲ್ಲಿ ಕೇಳಿ. ತಾರೀಕು ಜೂನ್ 22, ಮಧ್ಯಾಹ್ನ 12 ಗಂಟೆ ಇಟ್ಟು ವಾತಾವರಣ ಆಫ್ ಮಾಡಿ ಅನ್ನಿ. ನೀಲಿ ಹೋಗಿ ಕಪ್ಪಾಗ್ತದೆ, ಸೂರ್ಯ ಇದ್ದಲ್ಲೇ ಇರ್ತಾನೆ, ಸುತ್ತ ನಕ್ಷತ್ರಗಳು ಬರ್ತವೆ, ಅವನ ಹತ್ರವೇ ಆರ್ದ್ರಾ. ಹೊರಗಿನ ಆಕಾಶದಲ್ಲಿ ಇದನ್ನು ನೋಡ್ಲಿಕ್ಕೆ ಸಾಧ್ಯವೇ ಇಲ್ಲ. ಗದ್ದೆ ಇರುವ ಮನೆಯ ಮಕ್ಕಳು ಇದನ್ನು ಬಿಡ್ತಾರಾ, ಮನೆಗೆ ಹೋಗಿ ಅಜ್ಜನಿಗೆ ಹೇಳಿಯೇ ಹೇಳ್ತಾರೆ.

ಹೆಬ್ರಿ_ಟೀಚರ್

ಇದು ನನಗೆ ಹೊಳೆದೇ ಇರ್ಲಿಲ್ಲ, ಕಾರ್ಕಳದ ಅಜ್ಜನಿಗೆ ದೊಡ್ಡ ಥ್ಯಾಂಕ್ಸ್. ನಮ್ಮ ಮಕ್ಕಳಲ್ಲಿ ಹೆಚ್ಚಿನವರ ಮನೆಯಲ್ಲಿ ಗದ್ದೆ ತೋಟ ಉಂಟು, ಮಳೆ ನಕ್ಷತ್ರದ ಹೆಸರು ಬಾಯಿಪಾಠ ಬರ್ತದೆ, ಅಲ್ಲಿಂದಲೇ ಪಾಠ ಶುರು ಮಾಡ್ತೇನೆ. ಹಾಗಾದ್ರೆ ಡಿಸೆಂಬರ್ ಕೊನೆಗೋ ಜನವರಿಗೋ ಇಟ್ಕೊಳ್ಳುವುದು ಸರಿ ಅಲ್ವಾ? ಹೋಗಿ ಬಂದ ಮೇಲೆ ಶಾಲೆಯಲ್ಲಿ ಮುಂದುವರಿಸ್ಲಿಕ್ಕೆ ಎಂತ ಮಾಡಬಹುದು? ನಮ್ಮಲ್ಲಿ ಟೆಲಿಸ್ಕೋಪ್ ಇಲ್ಲ.

ಉಡುಪಿ_ದುರ್ಬೀನು

ಟೆಲಿಸ್ಕೋಪ್ ಬೇಡವೇ ಬೇಡ ಮೇಡಂ. ನಿಮ್ಮ ಹೆಬ್ರಿಯ ಆಕಾಶ ನಮ್ಮ ಉಡುಪಿಗಿಂತ ಎಷ್ಟೋ ಕಪ್ಪು, ಅದು ನಿಮಗೆ ಸಿಕ್ಕ ಆಸ್ತಿ. ಜನವರಿಯಲ್ಲಿ ರಾತ್ರಿ ಎಂಟು ಗಂಟೆಗೆ ಮೂಡಣಕ್ಕೆ ಮುಖ ಮಾಡಿ ನಿಲ್ಲಿ, ಮಹಾವ್ಯಾಧನ ಸೊಂಟದ ಮೂರು ನಕ್ಷತ್ರ ಸಾಲಾಗಿ ಸಿಗ್ತದೆ, ಆ ಸಾಲು ಹಿಡಿದು ಕೆಳಗೆ ಬಂದ್ರೆ ಲುಬ್ಧಕ, ಇಡೀ ರಾತ್ರಿ ಆಕಾಶದಲ್ಲೇ ಹೆಚ್ಚು ಹೊಳೆಯುವ ನಕ್ಷತ್ರ, ಮೇಲೆ ಹೋದ್ರೆ ರೋಹಿಣಿ, ಇನ್ನೂ ಮೇಲೆ ಕೃತ್ತಿಕೆಯ ಗೊಂಚಲು. ಕೃತ್ತಿಕೆಯಲ್ಲಿ ಎಷ್ಟು ಕಾಣ್ತದೆ ಅಂತ ಪ್ರತಿ ಮಗು ಎಣಿಸಿ ಬರೆದು ತರ್ಲಿ, ಆರು ಸುಲಭ, ಕಣ್ಣು ಚೆನ್ನಾಗಿದ್ರೆ ಇನ್ನೂ ಹೆಚ್ಚು. ಇನ್ನು ಸ್ವಲ್ಪ ಹೊತ್ತು ಕಾದ್ರೆ ದಕ್ಷಿಣದಲ್ಲಿ ಅಗಸ್ತ್ಯ ನಕ್ಷತ್ರ ಮೇಲೆ ಬರ್ತದೆ, ಲಂಡನ್ನಲ್ಲಿ ಇದ್ದವರಿಗೆ ಅದು ಯಾವ ಕಾಲಕ್ಕೂ ಕಾಣುದಿಲ್ಲ. ಕೈ ಉದ್ದ ಚಾಚಿ ಮುಷ್ಟಿ ಹಿಡಿದ್ರೆ ಸುಮಾರು 10 ಡಿಗ್ರಿ, ಉತ್ತರ ದಿಗಂತದಿಂದ ಒಂದು ಮುಷ್ಟಿ ಮತ್ತೆ ಸ್ವಲ್ಪ ಮೇಲೆ ಧ್ರುವ. ಮೇಲಿನವರು ತಾರಾಲಯದಲ್ಲಿ ಕೇಳಿ ಅಂದ 13 ಡಿಗ್ರಿಯನ್ನು ಮಕ್ಕಳೇ ಅಳೆದು ನೋಡಬಹುದು. ಹೊರಗೆ ಬಂದ ಮೇಲೆ ಇಪ್ಪತ್ತು ನಿಮಿಷ ಯಾರೂ ಮೊಬೈಲ್ ತೆಗಿಬಾರ್ದು, ಒಂದು ಸಲ ಫ್ಲ್ಯಾಶ್ ಬಿದ್ರೆ ಕಣ್ಣು ಪುನಃ ಮೊದಲಿಂದ ಕತ್ತಲೆಗೆ ಒಗ್ಗಬೇಕು. ಟಾರ್ಚಿಗೆ ಕೆಂಪು ಜಿಲೇಟಿನ್ ಕಾಗದ ಕಟ್ಟಿ.

ಇನ್ನೊಂದು ಶೂನ್ಯ ನೆರಳಿನ ದಿನ. ನಮ್ಮ ಜಿಲ್ಲೆಯಲ್ಲಿ ಏಪ್ರಿಲ್ 24ರಿಂದ 26ರ ಒಳಗೆ ಒಮ್ಮೆ, ಆಗಸ್ಟ್ 16ರಿಂದ 18ರ ಒಳಗೆ ಇನ್ನೊಮ್ಮೆ ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಗೆ ಬರ್ತಾನೆ, ನೆಟ್ಟಗೆ ನಿಲ್ಲಿಸಿದ ಕೋಲಿನ ನೆರಳು ಬುಡದಲ್ಲೇ ಅಡಗ್ತದೆ. ಏಪ್ರಿಲಲ್ಲಿ ಅದು 12.28–12.29ರ ಸುಮಾರಿಗೆ, 12ಕ್ಕೆ ಅಲ್ಲ, ಯಾಕಂದ್ರೆ ಐಎಸ್‌ಟಿ, ಅಂದ್ರೆ ಇಡೀ ದೇಶದ ಗಡಿಯಾರದ ಟೈಮ್, ಲೆಕ್ಕ ಹಿಡಿಯುದು 82.5 ಡಿಗ್ರಿ ರೇಖಾಂಶದಿಂದ, ನಾವು ಅದಕ್ಕಿಂತ ತುಂಬ ಪಶ್ಚಿಮದಲ್ಲಿ. ಏಪ್ರಿಲಲ್ಲಿ ಶಾಲೆಗೆ ರಜೆ, ಆಗಸ್ಟಲ್ಲಿ ನಮ್ಮ ಮಳೆ, ಅದೊಂದು ಕಷ್ಟ. ಮಕ್ಕಳು ರಜೆಯಲ್ಲಿ ಮನೆ ಅಂಗಳದಲ್ಲೇ ಮಾಡಿ ಫೋಟೋ ಕಳಿಸ್ಲಿ. ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನಲ್ಲಿ ಅಮೆಚೂರ್ ಆಸ್ಟ್ರಾನಮರ್ಸ್ ಕ್ಲಬ್ ಉಂಟು, ಅವರನ್ನೂ ಸಂಪರ್ಕ ಮಾಡಿ ನೋಡಿ.

ಮತ್ತೆ ತಾರಾಲಯದಲ್ಲಿ ಟೈಮ್ ಉಳಿದ್ರೆ 2019 ಡಿಸೆಂಬರ್ 26ರ ಬೆಳಿಗ್ಗೆಗೆ ಕೊಂಡೋಗ್ಲಿಕ್ಕೆ ಹೇಳಿ. ಮಂಗಳೂರಲ್ಲಿ ಕಂಕಣ ಸೂರ್ಯಗ್ರಹಣ ಆದ ದಿನ ಅದು. ಆ ಮಕ್ಕಳು ಆಗ ತೀರಾ ಸಣ್ಣವರು, ಎಷ್ಟೋ ಮನೆಯಲ್ಲಿ ಬಾಗಿಲು ಹಾಕಿ ಒಳಗೆ ಕೂರಿಸಿದ್ರು. ಈಗಾದ್ರೂ ನೋಡ್ಲಿ ಪಾಪ.

ಹೆಬ್ರಿ_ಟೀಚರ್

ಎಲ್ಲ ಬರ್ಕೊಂಡೆ. ನಾಳೆಯೇ ಎರಡೂ ಕಡೆಗೆ ಫೋನ್ ಮಾಡ್ತೇನೆ, ಯಾರು ಕನ್ನಡದಲ್ಲಿ ಲೈವ್ ಆಕಾಶ ತೋರಿಸ್ಲಿಕ್ಕೆ ಒಪ್ತಾರೋ ಅಲ್ಲಿಗೇ ಬಸ್ಸು. ಕೊನೆಗೆ ಒಂದು, ಪವರ್ ಕನ್ನಡಕ ಹಾಕುವ ಮಕ್ಕಳು ಕೆಲವರಿದ್ದಾರೆ, 3ಡಿ ಕನ್ನಡಕ ಹಾಕ್ಲಿಕ್ಕೆ ಅದನ್ನು ತೆಗಿಬೇಕಾ?

ವಾಮಂಜೂರಿನವ

ತೆಗಿಬೇಡಿ ಟೀಚರೇ, ಅದರ ಮೇಲೆಯೇ ಹಾಕುದು. ಸಣ್ಣ ಮುಖಕ್ಕೆ ಸ್ವಲ್ಪ ಜಾರ್ತದೆ, ಒಂದು ಕೈಯಲ್ಲಿ ಹಿಡ್ಕೊಳ್ಳಲಿಕ್ಕೆ ಹೇಳಿ. ಅದರೊಳಗೆ ಬ್ಯಾಟರಿ ಇರ್ತದೆ, ಬೀಳಿಸಬಾರ್ದು ಅಂತ ಬಸ್ಸಲ್ಲೇ ಹೇಳಿಬಿಡಿ. ಬುಕಿಂಗ್ ಆದ ಮೇಲೆ ಯಾವ ದಿನ ಅಂತ ಇಲ್ಲಿ ಹಾಕಿ.