ಬೆಳ್ಳಿ ಜುಮುಕಿಗೆ ಒಂದರ ಮೇಲೊಂದು ಬೆಸುಗೆ: ಅಭ್ಯಾಸ ಹೇಗೆ?

ಪ್ರಶ್ನೆ (ಕುವೆಂಪುನಗರ, ಮೈಸೂರು)
ನಮಸ್ಕಾರ. ಮನೆಯಲ್ಲಿಯೇ ಬೆಳ್ಳಿಯ ಉಂಗುರ, ಕಾಲುಂಗುರಗಳನ್ನು ಮಾಡುತ್ತೇನೆ. ಒಂದೇ ಬೆಸುಗೆಯ ಕೆಲಸ ಕೈಗೆ ಹತ್ತಿದೆ. ಈಗ ಜುಮುಕಿ ಮಾಡಬೇಕೆಂಬ ಆಸೆ. ಬಟ್ಟಲಿನ ಅಂಚಿಗೆ ತಂತಿ, ಅದರ ಕೆಳಗೆ ಸಾಲು ಗುಂಡುಗಳು, ನೆತ್ತಿಯಲ್ಲಿ ಕೊಂಡಿ, ಹೀಗೆ ಮೂರು ಸಲ ಕಾಯಿಸುವಾಗ ಮೊದಲಿನ ಬೆಸುಗೆ ಬಿಡದಂತೆ ನೋಡಿಕೊಳ್ಳುವುದು ಹೇಗೆ? ಅಶೋಕ ರಸ್ತೆಯ ಅಕ್ಕಸಾಲಿಗರನ್ನು ವಿಚಾರಿಸಿದರೆ ನೋಡಿ ನೋಡಿಯೇ ಕಲಿಯಬೇಕು ಎನ್ನುತ್ತಾರೆ. ಏನನ್ನು ನೋಡಬೇಕೆಂದು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ (ಮಂಡ್ಯ)
ನೋಡಬೇಕಾದದ್ದು ಬೆಸುಗೆಯ ಜಾಗಕ್ಕೆ ಮೊದಲೇ ಹಚ್ಚುವ ಬಿಳಿಗಾರವನ್ನು (ಬೋರಾಕ್ಸ್). ಕಾವು ತಗುಲಿದೊಡನೆ ಅದು ಬೆಳ್ಳಗೆ ಉಬ್ಬುತ್ತದೆ, ನಂತರ ಕುಗ್ಗುತ್ತದೆ, ಕೊನೆಗೆ ಕರಗಿ ಗಾಜಿನಂತೆ ತಿಳಿಯಾಗುತ್ತದೆ. ತಿಳಿಯಾಯಿತೆಂದರೆ ಬೆಸುಗೆ ಹರಿಯುವ ಹೊತ್ತು ಹತ್ತಿರವಾಯಿತೆಂದು ಅರ್ಥ. 92.5 ಬೆಳ್ಳಿ (ನೂರಕ್ಕೆ 92.5 ಪಾಲು ಬೆಳ್ಳಿ, ಉಳಿದದ್ದು ಹೆಚ್ಚಾಗಿ ತಾಮ್ರ) ಸುಮಾರು 800 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕರಗತೊಡಗುತ್ತದೆ. ಜೋಡಿಸಲು ಕರಗಿಸುವ ಮಿಶ್ರಲೋಹವನ್ನೂ ಬೆಸುಗೆ ಎನ್ನುತ್ತೇವೆ, ಅದರಲ್ಲಿ ಮೂರು ಬಗೆ: ಹಾರ್ಡ್ ಬೆಸುಗೆ 780ರ ಆಸುಪಾಸಿನಲ್ಲಿ, ಈಸಿ ಬೆಸುಗೆ 720ರ ಆಸುಪಾಸಿನಲ್ಲಿ ಹರಿಯುತ್ತದೆ, ಮೀಡಿಯಂ ಇವೆರಡರ ನಡುವೆ. ಆದ್ದರಿಂದ ಅಂಚಿನ ತಂತಿಗೆ ಹಾರ್ಡ್, ಗುಂಡುಗಳಿಗೆ ಮೀಡಿಯಂ, ಕೊಂಡಿಗೆ ಈಸಿ ಎಂಬ ಕ್ರಮವನ್ನು ತಪ್ಪಿಸಬೇಡಿ. ಒಮ್ಮೆ ಹರಿದ ಬೆಸುಗೆ ಬೆಳ್ಳಿಯೊಡನೆ ಬೆರೆತಿರುವುದರಿಂದ ಮತ್ತೆ ಕರಗಲು ತುಸು ಹೆಚ್ಚು ಕಾವು ಬೇಡುತ್ತದೆ, ಇದೂ ನಿಮಗೆ ಅನುಕೂಲವೇ.

ಜ್ವಾಲೆಯನ್ನು ಬೆಸುಗೆಯ ತುಂಡಿನ ಮೇಲೆ ಹಿಡಿಯದೆ ಬಟ್ಟಲನ್ನು ಸುತ್ತಲೂ ಕಾಯಿಸಿ. ಬೆಸುಗೆ ಕಾವು ಹೆಚ್ಚಿರುವ ಕಡೆಗೆ ಓಡುತ್ತದೆ; ತೆಳು ಕೊಂಡಿ ಮೊದಲು ಕಾದರೆ ಅದೆಲ್ಲ ಕೊಂಡಿಗೇ ಏರಿ ಬಟ್ಟಲಿಗೆ ಹಿಡಿಯುವುದಿಲ್ಲ. ಬೆಳ್ಳಿಗೆ ಕೈಹಾಕುವ ಮೊದಲು ತಾಮ್ರದ ತುಣುಕುಗಳಲ್ಲಿ ಇದನ್ನೇ ಮಾಡಿ ನೋಡಿ. ತಾಮ್ರ ಕರಗುವುದು 1085 ಡಿಗ್ರಿಯಲ್ಲಿ, ಹಾಗಾಗಿ ನಿಧಾನವಾಗಿ ಗಮನಿಸಲು ಅವಕಾಶವಿರುತ್ತದೆ.

ಉತ್ತರ (ಸರಸ್ವತಿಪುರಂ, ಮೈಸೂರು)
ಮೇಲಿನವರ ಮಾತಿಗೆ ಎರಡು ಸೇರಿಸುತ್ತೇನೆ. ಪ್ರತಿ ಬೆಸುಗೆಯ ನಂತರ ಬಿಸಿ ನೀರಿನಲ್ಲಿ ಕರಗಿಸಿದ ನಿಂಬೆ ಉಪ್ಪಿನಲ್ಲಿ (ಸಿಟ್ರಿಕ್ ಆಮ್ಲ) ಒಡವೆಯನ್ನು ನೆನೆಸಿ, ತೊಳೆದು, ಶುಭ್ರವಾದ ಮೇಲೆಯೇ ಮುಂದಿನ ಜೋಡಣೆಗೆ ಹೋಗಿ. ಆ ನೀರಿಗೆ ಕಬ್ಬಿಣದ ಚಿಮಟ ತಗುಲಿದರೆ ಬೆಳ್ಳಿಯ ಮೇಲೆ ತಾಮ್ರದ ಕೆಂಪು ಕೂರುತ್ತದೆ. ಬೆಸುಗೆ ಕೊಳ್ಳುವಾಗ ಕ್ಯಾಡ್ಮಿಯಂ ಎಂಬ ಲೋಹ ಬೆರೆಯದ್ದೇ ಬೇಕೆಂದು ಖಂಡಿತವಾಗಿ ಕೇಳಿ. ಅದರ ಹೊಗೆ ಶ್ವಾಸಕೋಶಕ್ಕೂ ಮೂತ್ರಪಿಂಡಕ್ಕೂ ವಿಷ, ಮನೆಯಲ್ಲಿ ಮಕ್ಕಳಿದ್ದರಂತೂ ಈ ವಿಷಯದಲ್ಲಿ ರಾಜಿ ಸಲ್ಲದು.

ಪ್ರಶ್ನೆ ಕೇಳಿದವರು
ಇಬ್ಬರಿಗೂ ಕೃತಜ್ಞತೆಗಳು. ಬಿಳಿಗಾರ ಉಬ್ಬುವಾಗ ಸಣ್ಣ ಗುಂಡುಗಳು ಜಾಗ ಬಿಟ್ಟು ಸರಿಯುವುದಿಲ್ಲವೇ?

ಉತ್ತರ (ಮಂಡ್ಯ)
ಸರಿಯುತ್ತವೆ, ಬಿಳಿಗಾರದೊಳಗಿನ ನೀರು ಕುದಿಯುವುದೇ ಕಾರಣ. ಬಿಳಿಗಾರವನ್ನು ತೆಳ್ಳಗೆ ತೇಯ್ದು ಕುಂಚದ ತುದಿಯಿಂದ ಹಚ್ಚಿ, ಜ್ವಾಲೆಯನ್ನು ದೂರದಲ್ಲಿ ಆಡಿಸುತ್ತ ಪೂರ್ತಿ ಒಣಗಿಸಿ. ಸರಿದ ಗುಂಡನ್ನು ಬಿಳಿಗಾರ ಉಬ್ಬಿ ಇಳಿದ ಮೇಲೆ ಸೂಜಿಯ ಮೊನೆಯಿಂದ ಸ್ವಸ್ಥಾನಕ್ಕೆ ತಂದು, ಆಮೇಲೆಯೇ ಕಾವನ್ನು ಏರಿಸಿ.